ಸ್ಥಳ: ಹಾಜಿಮಲಂಗ ಹೇಳಿದಂತೆ

ಹಾಜಿಮಲಂಗನ ಬೆರಳುಗಳಿಗೆ ಗೆರೆಗಳಿಲ್ಲ. ಆಧಾರ್ ಕಾರ್ಡು ಮಾಡಿಸಲು ಹೋದಾಗ ಮಿಷನ್ನು ಮೂರು ಸಲ ಅವನ ಹೆಬ್ಬೆಟ್ಟನ್ನು ಒಲ್ಲೆ ಎಂದಿತ್ತು. ಮೂವತ್ತು ಚಿಲ್ಲರೆ ವರ್ಷ ಗಾಜಿನ ಮೇಲೆ ಕಲ್ಲು ತೇಯ್ದವನ ಬೆರಳಿನಲ್ಲಿ ಗೆರೆ ಎಲ್ಲಿಂದ ಉಳಿಯಬೇಕು?

ಮುಂಬಯಿಯ ಸೆಂಟ್ರಲ್ ರೈಲು ಲೈನಿನ ಒಂದು ಹಳೇ ಕಾಲೇಜಿನಲ್ಲಿ, ಭೂವಿಜ್ಞಾನ ವಿಭಾಗದ ಲ್ಯಾಬ್ ಅಟೆಂಡೆಂಟ್ ಅವನು. ಕಲ್ಲಿನ ಚೂರೊಂದನ್ನು ಗಾಜಿನ ಸ್ಲೈಡಿಗೆ ಅಂಟಿಸಿ, ಕಾರ್ಬೋರಂಡಮ್ ಪುಡಿ ಮತ್ತು ನೀರು ಹಾಕಿ, ಕೂದಲಿಗಿಂತ ತೆಳ್ಳಗಾಗುವ ತನಕ ತೇಯುವುದು ಅವನ ಕೆಲಸ. ಅಷ್ಟು ತೆಳ್ಳಗಾದಾಗ ಕಲ್ಲಿನೊಳಗೂ ಬೆಳಕು ಹಾಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಲ್ಲು ತನ್ನ ಕತೆ ಹೇಳುತ್ತದೆ. ಒಂದು ಸುತ್ತು ಹೆಚ್ಚು ತೇಯ್ದರೆ ಕಲ್ಲೂ ಇಲ್ಲ, ಕತೆಯೂ ಇಲ್ಲ. ಅವನ ಸ್ಲೈಡುಗಳನ್ನು ನೋಡಿ ಡಾಕ್ಟರೇಟ್ ಪಡೆದವರು ಹತ್ತಾರು ಜನ. ಯಾರ ಪ್ರಬಂಧದಲ್ಲೂ ಅವನ ಹೆಸರಿಲ್ಲ. ಚಹಾ ಮಾಡಿದವನ ಹೆಸರನ್ನು ಯಾರಾದರೂ ಬರೆಯುತ್ತಾರೆಯೇ, ಹಾಗೆ.

ನಾನು ಸತ್ಯಮೂರ್ತಿ. ಊರು ನಂಜನಗೂಡು, ಈಗ ಮುಂಬಯಿಯ ಮುಲುಂಡ್. ಅದೇ ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದು ಐದು ವರ್ಷದ ಹಿಂದೆ ನಿವೃತ್ತನಾದೆ. ಇಡೀ ಕಾಲೇಜಿಗೆ ನಾವಿಬ್ಬರೇ ಕನ್ನಡದವರು, ಹಾಗಾಗಿ ಮಧ್ಯಾಹ್ನದ ಡಬ್ಬಿ ಒಟ್ಟಿಗೆ. ಅವನ ಹೆಂಡತಿ ಅಕ್ಬರಬಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ನನಗೆ. ನನ್ನ ಮನೆಯ ಹುಳಿಯನ್ನ ಅವನಿಗೆ. ಅವನು ಶಹಾಬಾದಿನವನು. ಅಪ್ಪ ಅಲ್ಲಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿದು ಎದೆಯ ತುಂಬ ಧೂಳು ತುಂಬಿಕೊಂಡು ಹೋದ. ಮಗ ಮುಂಬಯಿಗೆ ಬಂದು ಕಟ್ಟಡಗಳ ನೆಲ ಪಾಲಿಶ್ ಮಾಡುತ್ತಿದ್ದ. ನಮ್ಮ ಕಾಲೇಜಿನ ವರಾಂಡವನ್ನು ಪಾಲಿಶ್ ಮಾಡುವಾಗ ಆಗಿನ ಪ್ರೊಫೆಸರು ಅವನ ಕೈ ನೋಡಿ, ಕರೆದು ಲ್ಯಾಬಿಗೆ ಹಾಕಿಕೊಂಡರು.

ಆ ಪ್ರೊಫೆಸರು ತೀರಾ ಕಟ್ಟುನಿಟ್ಟು. ಬಂಡೆ ಹುಡುಕಲು ಹೋದಲ್ಲೆಲ್ಲ ಸುತ್ತಿಗೆ, ಚೀಲ ಹೊರಲು ಹಾಜಿಮಲಂಗನನ್ನು ಕರೆದೊಯ್ಯುತ್ತಿದ್ದರು. ಕಲ್ಲು ಚೀಲಕ್ಕೆ ಹೋಗುವ ಮೊದಲು ಚೀಟಿ ಹೋಗಬೇಕು. ಯಾವ ಜಾಗ, ಯಾವ ಪದರ, ನೆಲದಿಂದ ಎಷ್ಟು ಎತ್ತರ. 'ಜಾಗ ಗೊತ್ತಿಲ್ಲದ ಪಳೆಯುಳಿಕೆ ಬರೀ ಕಲ್ಲು' ಎನ್ನುವುದು ಅವರ ಮಂತ್ರ. ಹಾಜಿಮಲಂಗ ನನಗೆ ಅದನ್ನು ಡಬ್ಬಿಯ ಮುಂದೆ ವಿವರಿಸುತ್ತಿದ್ದ. ಈ ಮುಂಬಯಿಯ ನೆಲವೆಲ್ಲ ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ. ಒಂದು ಹರಿವು ಆರಿ ತಣ್ಣಗಾದ ಮೇಲೆ ಅಲ್ಲಲ್ಲಿ ಕೆರೆ ನಿಂತು, ಕೆರೆಯಲ್ಲಿ ಕಪ್ಪೆ ಕೂಗಿ, ಮತ್ತೆ ಬೆಂಕಿ ಬಂದು ಎಲ್ಲ ಮುಚ್ಚಿತು. ವರ್ಲಿ ಗುಡ್ಡದಲ್ಲಿ ಆ ಕಪ್ಪೆಗಳು ಬ್ರಿಟಿಷರ ಕಾಲದಲ್ಲೇ ಸಿಕ್ಕಿದ್ದವು. ಆ ಕೆರೆಯನ್ನು ಕಂಡ ಕಣ್ಣು ಯಾವುದೂ ಇಲ್ಲ. ಕಲ್ಲು ಎತ್ತಿಕೊಂಡವನು ಎಲ್ಲಿ ಎತ್ತಿಕೊಂಡೆ ಎಂದು ಬರೆದ ಒಂದು ಸಾಲನ್ನು ನಂಬಿಕೊಂಡು ಈ ಶಾಸ್ತ್ರವೆಲ್ಲ ನಿಂತಿದೆ. ನಾನು ಆಗ ಹೂಂಗುಟ್ಟುತ್ತ ರೊಟ್ಟಿ ಮುರಿಯುತ್ತಿದ್ದೆ.

2005ರ ಜುಲೈ ನೆರೆಯಲ್ಲಿ ನೆಲಮಹಡಿಯ ಸಂಗ್ರಹದ ಕೋಣೆಗೆ ಎದೆಮಟ್ಟ ನೀರು ನುಗ್ಗಿತು. ಕಲ್ಲುಗಳಿಗೆ ಏನೂ ಆಗಲಿಲ್ಲ. ಅಷ್ಟು ಕೋಟಿ ವರ್ಷ ಕಂಡ ಕಲ್ಲಿಗೆ ಮೂರು ದಿನದ ನೀರು ಯಾವ ಲೆಕ್ಕ? ಹಾಳಾದದ್ದು ಚೀಟಿಗಳು. ಯಾವ ಕಲ್ಲು ಎಲ್ಲಿಯದು ಎಂದು ಬರೆದಿಟ್ಟ ರಿಜಿಸ್ಟರು ಕೆಳಗಿನ ಶೆಲ್ಫಿನಲ್ಲಿತ್ತು, ನೆನೆದ ಅವಲಕ್ಕಿಯಂತಾಗಿತ್ತು. ಪ್ರೊಫೆಸರು ನಿವೃತ್ತರಾಗಿ ತೀರಿಹೋಗಿ ಆಗಲೇ ಒಂದು ವರ್ಷ. ಸೆಪ್ಟೆಂಬರಿನಲ್ಲಿ ತಪಾಸಣಾ ಕಮಿಟಿ ಬರುವುದಿತ್ತು. ಮುನ್ನೂರ ಹನ್ನೆರಡು ಕಲ್ಲುಗಳಿಗೆ ಹೊಸ ಪಟ್ಟಿ ಬೇಕು ಎಂದು ಆಫೀಸಿನಿಂದ ಫಾರಂ ಹೋಯಿತು. ಕಳಿಸಿದವನು ನಾನೇ.

ಹಾಜಿಮಲಂಗ ಫಾರಂ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದ. ಅರ್ಧಕ್ಕರ್ಧ ಕಲ್ಲುಗಳ ಜಾಗ ನೆನಪಿದೆ, ಇನ್ನು ಕೆಲವನ್ನು ಮುಟ್ಟಿದರೆ ಕೈ ಹೇಳುತ್ತದೆ, ಉಳಿದವು ಗೊತ್ತಿಲ್ಲ ಎಂದ. ಅವನ್ನು ಖಾಲಿ ಬಿಡಲೇ ಎಂದು ಕೇಳಿದ.

"ಖಾಲಿ ಬಿಟ್ರೆ ಫೈಲು ವಾಪಸ್ ಬರುತ್ತೆ ಮಲಂಗಪ್ಪ" ಎಂದೆ. "ಗೊತ್ತಿಲ್ಲ ಅಂತ ಬರೆದ್ರೂ ಬರುತ್ತೆ. ಏನಾದ್ರೂ ಒಂದು ಬರಿ."

"ತಪ್ಪಾದ್ರ ಸರ?"

"ಕಲ್ಲು ಎದ್ದು ಬಂದು ಹೇಳುತ್ತೇನಯ್ಯಾ?"

ನಾನು ನಕ್ಕೆ. ಅವನೂ ನಕ್ಕ, ಹೆಡ್ ಕ್ಲರ್ಕ್ ನಕ್ಕಾಗ ಅಟೆಂಡೆಂಟ್ ನಗುವ ಹಾಗೆ. ಹದಿನೈದು ದಿನದಲ್ಲಿ ಮುನ್ನೂರ ಹನ್ನೆರಡು ಚೀಟಿಗಳು ತಯಾರಾದವು. ಎಲ್ಲ ಒಂದೇ ಶಾಯಿ, ಒಂದೇ ಮುದ್ದಾದ ಅಕ್ಷರ. ಕಮಿಟಿಯವರು ಹೊಗಳಿ ಹೋದರು. ನನಗೂ ಒಂದು ಮೆಚ್ಚುಗೆ ಪತ್ರ ಬಂತು, ಅದನ್ನು ಫ್ರೇಮು ಹಾಕಿಸಿದ್ದೆ.

ಈ ವರ್ಷ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಹಾಜಿಮಲಂಗ ಮುಲುಂಡಿನ ನಮ್ಮ ಮನೆಗೆ ಬಂದ. ಮೇ ತಿಂಗಳಲ್ಲಿ ಅವನ ನಿವೃತ್ತಿ; ಅದರ ಕಾಗದಪತ್ರವೇನೋ ಎಂದುಕೊಂಡೆ. ಚಹಾ ಮುಟ್ಟಲಿಲ್ಲ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತ.

ವಿಭಾಗದಲ್ಲಿ ಧಾತ್ರಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಇದ್ದಾಳೆ. ಗೋರೆಗಾಂವಿನ ಹುಡುಗಿ, ಅಪ್ಪ ಅಮ್ಮ ಬೆಂಗಳೂರಿನವರು. ಮೂರು ವರ್ಷದಿಂದ ಅವಳು ಸಂಗ್ರಹದ ಒಂದು ಕಪ್ಪೆಯ ಪಳೆಯುಳಿಕೆಯ ಮೇಲೆ ಕೆಲಸ ಮಾಡುತ್ತಿದ್ದಳು. ಹೆಬ್ಬೆಟ್ಟಿನಷ್ಟು ಕಪ್ಪೆ, ಕರೀ ಕಲ್ಲಿನಲ್ಲಿ ಕಾಲು ಚಾಚಿ ಮಲಗಿದ್ದು. ಚೀಟಿಯಲ್ಲಿ ಜೋಗೇಶ್ವರಿ ಕಡೆಯ ಒಂದು ಹಳೇ ಕ್ವಾರಿಯ ಹೆಸರಿದೆ. ಆ ಕ್ವಾರಿಯ ಪದರ ವರ್ಲಿಯದಕ್ಕಿಂತ ಮೇಲಿನದು, ಆಮೇಲಿನದು ಎಂದು ಅವಳ ಲೆಕ್ಕ. ಹಾಗಿದ್ದರೆ ಇನ್ನೊಂದು ಬೆಂಕಿ ಹರಿದ ಮೇಲೂ ಕಪ್ಪೆಗಳು ಈ ನೆಲಕ್ಕೆ ಮರಳಿದ್ದವು. ಅವಳ ಇಡೀ ವಾದ ಅಷ್ಟೇ. ಏಪ್ರಿಲಿನಲ್ಲಿ ಪ್ರಬಂಧ ಸಲ್ಲಿಸಬೇಕು.

"ಆ ಚೀಟಿ ನಾ ಅಂದಾಜ್ಲೆ ಬರ್ದಿದ್ದರಿ ಸರ" ಎಂದ ಹಾಜಿಮಲಂಗ. "ಜೋಗೇಶ್ವರಿನೋ ವರ್ಲಿನೋ ನಂಗ ಅವತ್ತೂ ಗೊತ್ತಿರ್ಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ; ನನ್ನ ಕೈ ತಾನಾಗಿ ಹೆಗಲಿಗೆ ಹೋದಂತೆ ಅನಿಸಿತು. ಆದರೂ ಬಾಯಿಂದ ಬಂದದ್ದು ಕ್ಲರ್ಕಿನ ಮಾತೇ.

"ಮೂರು ತಿಂಗಳಿಗೆ ಮನೆಗೆ ಹೋಗ್ತೀಯ. ಸುಮ್ನಿದ್ದುಬಿಡು. ಸರಿಯಾಗಿಯೇ ಬರೆದಿರಬಹುದು ನೀನು."

"ಬರ್ದಿರಬಹುದು. ಖರೇ ಅಂತ ಹೇಳಾಕ ಬರಂಗಿಲ್ಲಲ್ರಿ. ಆ ಹುಡುಗಿ ನಾಳಿ ದುನಿಯಾಕ್ಕ ಹೇಳ್ತಾಳ. ನನ್ನ ಅಂದಾಜು ಹೇಳ್ತಾಳ, ಖರೇ ಅಂತ." ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಅಂದ, "ಕಲ್ಲು ಎದ್ದು ಬಂದು ಹೇಳ್ತದೇನು ಅಂದಿದ್ರಿ ನೀವು. ಈಗ ಬಂದದ ನೋಡ್ರಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ದಿನ ನಾನೂ ಅವನ ಜೊತೆ ಕಾಲೇಜಿಗೆ ಹೋದೆ. ಧೈರ್ಯ ಹೇಳಲು ಎಂದು ಹೆಂಡತಿಗೆ ಹೇಳಿದೆ. ನಿಜವಾಗಿ ಹೋದದ್ದು, ಅವನು ನನ್ನ ಹೆಸರು ಎತ್ತುತ್ತಾನೋ ಏನೋ ಎಂಬ ಭಯದಿಂದ. ಧಾತ್ರಿ ಲ್ಯಾಪ್‌ಟಾಪಿನಲ್ಲಿ ಅದೇ ಕಪ್ಪೆಯ ಚಿತ್ರ ತೆರೆದು ಕೂತಿದ್ದಳು. ಹಾಜಿಮಲಂಗ ನಿಂತೇ ಎಲ್ಲ ಹೇಳಿದ. ಅವಳ ಮುಖದ ಬಣ್ಣ ಇಳಿಯುತ್ತಾ ಹೋಯಿತು.

"ಚಾಚಾ, ಗೊತ್ತಿಲ್ಲ ಅಂದ್ರೆ ಬ್ಲ್ಯಾಂಕ್ ಬಿಡಬೇಕಿತ್ತಲ್ವಾ" ಎಂದಳು ಕೊನೆಗೆ. "ಭರ್ತಿ ಮಾಡಿ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲವ್ವ. ನಂದೇ ತಲಿ" ಎಂದ ಹಾಜಿಮಲಂಗ.

ನಾನು ಅವನಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ತಲೆಯೆತ್ತಿ ಫ್ಯಾನು ನೋಡಿದೆ.

ಆ ಹುಡುಗಿ ಬೈಯಲಿಲ್ಲ, ಅಳಲಿಲ್ಲ. ಕಪ್ಪೆಯ ಕಲ್ಲಿನ ಹಿಂಬದಿಯಿಂದ ಒಂದು ಚೂರು ತೆಗೆದು ಸ್ಲೈಡು ಮಾಡೋಣ, ಜೋಗೇಶ್ವರಿ ಕಲ್ಲಿನ ಜೊತೆ, ವರ್ಲಿ ಕಲ್ಲಿನ ಜೊತೆ ಹೋಲಿಸೋಣ ಎಂದಳು. ಹಾಜಿಮಲಂಗ ಎರಡು ದಿನ ಕೂತು ತೇಯ್ದ. ಅಷ್ಟು ನಾಜೂಕಾಗಿ ಅವನು ತೇಯ್ದದ್ದನ್ನು ನಾನು ಕಂಡಿರಲಿಲ್ಲ. ಹತ್ತು ಸುತ್ತಿಗೊಮ್ಮೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಸ್ಲೈಡು ತಯಾರಾಯಿತು. ಹೋಲಿಸಲು ಡ್ರಾಯರು ಎಳೆದಾಗ ಧಾತ್ರಿಯ ಕೈ ಅಲ್ಲೇ ನಿಂತಿತು. ಜೋಗೇಶ್ವರಿಯದು ಎಂದು ಬರೆದಿಟ್ಟ ಕಲ್ಲು, ವರ್ಲಿಯದು ಎಂದು ಬರೆದಿಟ್ಟ ಕಲ್ಲು, ಎರಡರ ಚೀಟಿಯೂ ಅದೇ ಶಾಯಿ, ಅದೇ ಅಕ್ಷರ.

ಹಾಗಾದರೆ ಕ್ವಾರಿಗೇ ಹೋಗಿ ಹೊಸ ಚೂರು ತರೋಣ ಎಂದು ಮೂವರೂ ಅಂಧೇರಿಯ ತನಕ ಮೆಟ್ರೋದಲ್ಲಿ, ಅಲ್ಲಿಂದ ರಿಕ್ಷಾದಲ್ಲಿ ಹೋದೆವು. ಕ್ವಾರಿ ಇದ್ದಲ್ಲಿ ಇಪ್ಪತ್ತೆರಡು ಮಾಳಿಗೆಯ ಮೂರು ಟವರುಗಳಿದ್ದವು. ಹಾಜಿಮಲಂಗ ವಾಚ್‌ಮನ್‌ಗೆ ಸಲಾಮು ಹೊಡೆದು ಒಳಗೆ ಬಿಡಿಸಿಕೊಂಡ. ಪಾರ್ಕಿಂಗಿನ ಹಿಂದೆ, ಬಂಡೆ ಕಡಿದ ಗೋಡೆ ಇನ್ನೂ ಇತ್ತು. ಕುಸಿಯದಿರಲಿ ಎಂದು ಅದರ ಮೇಲೆ ಉದ್ದಕ್ಕೂ ಜಾಲರಿ ಹೊಡೆದು ಸಿಮೆಂಟು ಮೆತ್ತಿದ್ದರು, ಒಂದು ಚೂರೂ ಕೀಳುವಂತಿರಲಿಲ್ಲ. ಅವನು ಗೋಡೆಗೆ ಎರಡೂ ಕೈ ಊರಿ ನಿಂತ. ಎಲ್ಲಿ ನಿಂತು ಸುತ್ತಿಗೆ ಹೊಡೆದದ್ದು ಎಂದು ತೋರಿಸಲು ಹೋಗಿ, ಇಲ್ಲಿ ಎಂದ, ಅಲ್ಲ ಅಲ್ಲಿ ಎಂದ, ಆಮೇಲೆ ಕೈ ಇಳಿಸಿದ. ಕಾರು ತೆಗೆಯಬೇಕು, ಸರಿಯಿರಿ ಎಂದು ಯಾರೋ ಹಾರ್ನ್ ಮಾಡಿದರು.

ವಾಪಸ್ ಬರುವಾಗ ಧಾತ್ರಿ ಮೆಲ್ಲಗೆ ಕೇಳಿದಳು. "ಚಾಚಾ, ಬರೀ ಒಂದು ಕಪ್ಪೆಯ ಮಾತಲ್ಲ ಇದು. ಹತ್ತೊಂಬತ್ತು ಇಪ್ಪತ್ತು ವರ್ಷದಿಂದ ಎಷ್ಟೋ ಜನ ಆ ಕಲ್ಲುಗಳ ಮೇಲೆ ಬರೆದಿದ್ದಾರೆ. ಪಕ್ಕಾ ನೆನಪಿದ್ದದ್ದು ಯಾವುದು, ಅಂದಾಜು ಯಾವುದು, ಅಲಗ್ ಅಲಗ್ ಮಾಡಿ ಕೊಡ್ತೀರಾ?"

ಅವನು ಒಪ್ಪಿದ. ಸಂಗ್ರಹದ ಕೋಣೆಯಲ್ಲಿ ಮೇಜು ಹಾಕಿಕೊಂಡು ಮೂರು ದಿನ ಕೂತ. ಎಡಕ್ಕೆ ನೆನಪಿದ್ದವು, ಬಲಕ್ಕೆ ಅಂದಾಜಿನವು. ಮೂರನೆಯ ದಿನ ಮಧ್ಯಾಹ್ನ ನಾನು ಡಬ್ಬಿ ತೆಗೆದುಕೊಂಡು ಹೋದೆ. ಮುನ್ನೂರ ಹನ್ನೊಂದು ಕಲ್ಲುಗಳು ಎಡಕ್ಕಿದ್ದವು. ಬಲಕ್ಕೆ ಕಪ್ಪೆ ಒಂದೇ.

"ಇದೇನಯ್ಯ" ಎಂದೆ.

"ನಂಗೂ ತಿಳೀವಲ್ದು ಸರ." ಅವನ ಕಣ್ಣು ಕೆಂಪಗಿತ್ತು. "ಎಷ್ಟೋ ಗೊತ್ತಿಲ್ಲ ಅಂತ ನಾನೇ ನಿಮ್ಮ ಮುಂದ ಬಂದು ನಿಂತಿದ್ದೆ, ಹೌದಿಲ್ಲೋ. ಈಗ ಒಂದೊಂದೇ ಕೈಯಾಗ ಹಿಡೀತೀನಿ, ಚೀಟಿ ನೋಡ್ತೀನಿ, ಜಾಗ ಕಣ್ಣಿಗಿ ಕಾಣ್ತದ. ಬಿಸಿಲು ಕಾಣ್ತದ, ಪ್ರೊಫೆಸರ ಟೊಪಗಿ ಕಾಣ್ತದ. ಬರ್ದದ್ದನ್ನ ಇಷ್ಟು ವರ್ಷ ದಿನಾ ಓದೀನ್ರಿ. ಈಗ ಎಲ್ಲಾ ನೆನಪದ."

ಅವತ್ತು ನಮ್ಮಿಬ್ಬರ ಡಬ್ಬಿಯೂ ಹಾಗೇ ಮನೆಗೆ ಹೋಯಿತು. ಮುಂಬಯಿಯ ನೆಲ ಮರೆತದ್ದನ್ನೆಲ್ಲ ಕಲ್ಲು ನೆನಪಿಟ್ಟುಕೊಂಡಿರುತ್ತದೆ ಎಂದು ಅವನು ನನಗೆ ಹೇಳುತ್ತಿದ್ದ. ಮನುಷ್ಯನದು ಉಲ್ಟಾ, ಅವನು ಕಾಣದ್ದನ್ನೂ ನೆನಪಿಟ್ಟುಕೊಳ್ಳುತ್ತಾನೆ.

ಧಾತ್ರಿ ಕಪ್ಪೆಯ ಅಧ್ಯಾಯವನ್ನು ಪ್ರಬಂಧದಿಂದ ತೆಗೆದಳು. ಹೊಸ ವಿಷಯಕ್ಕೆ ಇನ್ನೆರಡು ವರ್ಷ ಬೇಕಂತೆ. ವಿಭಾಗದವರು ಕೂತು ಒಂದು ತೀರ್ಮಾನ ಮಾಡಿದರು. ಹಳೇ ಚೀಟಿ ಹರಿಯುವ ಹಾಗಿಲ್ಲ, ನಂಬುವ ಹಾಗೂ ಇಲ್ಲ. ಅದರ ಜೊತೆಗೆ ಪ್ರತಿ ಕಲ್ಲಿಗೂ ಇನ್ನೊಂದು ಚೀಟಿ ಇಡಬೇಕು. ಈ ಜಾಗ ಯಾರ ಮಾತಿನ ಮೇಲೆ ಬರೆದದ್ದು ಎಂದು ಅದರಲ್ಲಿರಬೇಕು. ಅಕ್ಷರ ಚೆನ್ನಾಗಿರುವುದು ಹಾಜಿಮಲಂಗನದೇ ಆದ್ದರಿಂದ ಬರೆಯುವ ಕೆಲಸ ಅವನಿಗೇ ಬಂತು. 'ಸ್ಥಳ: ಹಾಜಿಮಲಂಗ ಹೇಳಿದಂತೆ. ನೆರೆಯ ನಂತರ ಬರೆದದ್ದು. ಖಚಿತವಿಲ್ಲ.' ಇದನ್ನೇ ಇಂಗ್ಲಿಷಿನಲ್ಲಿ ಮುನ್ನೂರ ಹನ್ನೆರಡು ಸಲ.

ಮೇ ಕೊನೆಯ ದಿನ, ಹಾರ ತುರಾಯಿಯ ಕಾರ್ಯಕ್ರಮಕ್ಕೆ ಮುಂಚೆ, ಕೊನೆಯ ನಾಲ್ಕು ಚೀಟಿ ಬರೆಯುತ್ತಿದ್ದ. ನಾನು ಪಕ್ಕದಲ್ಲಿ ಕೂತಿದ್ದೆ. ಚೀಟಿಯ ಕೆಳಗೆ ಇನ್ನೊಂದು ಗೆರೆ ಇತ್ತು, 'ಇತರ ಮಾಹಿತಿ' ಎಂದು. ಅಲ್ಲಿ ಏನು ಬರೆಯಲಿ ಎಂದು ಅವನು ಮೊದಲ ದಿನವೇ ಕೇಳಿದ್ದನಂತೆ. ಏನೂ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ ಚಾಚಾ ಎಂದಿದ್ದಳಂತೆ ಧಾತ್ರಿ.

"ಇಷ್ಟು ವರ್ಷದಾಗ ಈ ರೂಮಿನಾಗ ನನ್ನ ಹೆಸರು ಎಲ್ಲೂ ಬರ್ದಿರ್ಲಿಲ್ರಿ ಸರ" ಎಂದ, ಶಾಯಿ ಆರಲಿ ಎಂದು ಊದುತ್ತ. "ಈಗ ನೋಡ್ರಿ, ಎಲ್ಲಾ ಕಡಿ ಅದ."

ಅವನು ಹಾರ ಹಾಕಿಸಿಕೊಳ್ಳಲು ಹೋದ. ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಕಪ್ಪೆಯ ಡ್ರಾಯರು ತೆರೆದೇ ಇತ್ತು, ಪೆನ್ನು ನನ್ನ ಜೇಬಿನಲ್ಲೇ ಇತ್ತು. ಆ ಗೆರೆಯ ಮೇಲೆ ಯಾವ ಹೆಸರು ಬರಬೇಕು ಎಂದು ಗೊತ್ತಿದ್ದವರು ನಾವಿಬ್ಬರೇ. ಸಭಾಂಗಣದಿಂದ ಚಪ್ಪಾಳೆ ಕೇಳಿಸಿತು. ಡ್ರಾಯರು ಮುಚ್ಚಿ ನಾನೂ ಹೋಗಿ ಚಪ್ಪಾಳೆ ತಟ್ಟಿದೆ. ಮುನ್ನೂರ ಹನ್ನೆರಡು ಚೀಟಿಗಳಲ್ಲೂ ಆ ಗೆರೆ ಈಗಲೂ ಖಾಲಿ ಇದೆ.