ಎಡಗೈ ಕಮಾನು

ಬೀದಿಯವರು ಅವನನ್ನು ಅಂಟಣ್ಣ ಎಂದು ಯಾಕೆ ಕರೆಯುತ್ತಾರೆಂದು ಯಾರೂ ತಲೆ ಕೆರೆದುಕೊಳ್ಳಬೇಕಿಲ್ಲ. ಮೂವತ್ತು ವರ್ಷದಿಂದ ಒಡೆದ ವಾದ್ಯಗಳನ್ನು ಅಂಟಿಸುತ್ತ ಕೂತವನ ಕೈಗೆ ಏನು ಕೊಟ್ಟರೂ ಅಂಟಿಕೊಳ್ಳುತ್ತದೆ. ಒಮ್ಮೆ ಗಿರಾಕಿಯೊಬ್ಬನ ವಿಳಾಸದ ಚೀಟಿ ಅಂಗೈಗೆ ಅಂಟಿ ಮನೆತನಕ ಹೋಗಿ, ಹೆಂಡತಿ ಬಿಸಿನೀರು ಹಾಕಿ ಬಿಡಿಸಬೇಕಾಯಿತು. ಇಷ್ಟೆಲ್ಲ ವಾದ್ಯಗಳ ನಡುವೆ ಇದ್ದೂ ಅವನಿಗೆ ಒಂದು ಹಾಡು ನೆಟ್ಟಗೆ ಗುನುಗಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಪಿಟೀಲು ಕಲಿಸಲು ಹೊರಟ ಅಕ್ಕ ಮೂರೇ ದಿನಕ್ಕೆ ಕೈಚೆಲ್ಲಿ, "ನಿನಗೆ ಕಿವಿ ಇಲ್ಲ ಕಣೋ, ಕೈ ಇದೆ. ನೀನು ಮಾಡು, ನಾನು ಬಾರಿಸ್ತೀನಿ," ಅಂದಿದ್ದಳು. ಅದೇ ಮಾತು ಅವನ ಕಸುಬಾಯಿತು.

ಅಂಗಡಿ ತೆರೆದ ದಿನದಿಂದ ಒಂದು ಪದ್ಧತಿ ನಡೆದು ಬಂದಿತ್ತು. ವಾರವಿಡೀ ರಿಪೇರಿಯಾದ ವಾದ್ಯಗಳ ಕುತ್ತಿಗೆಗೆ ಒಂದೊಂದು ಚೀಟಿ ಕಟ್ಟಿ ಗೋಡೆಗೆ ನೇತುಹಾಕುವುದು ಅವನ ಕೆಲಸ. ಭಾನುವಾರ ಬೆಳಿಗ್ಗೆ ಅಕ್ಕ ಮಕ್ಕಳಿಗೆ ಪಿಟೀಲು ಪಾಠ ಹೇಳಿ ಮುಗಿಸಿ ಬಂದು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದೊಂದನ್ನೇ ನುಡಿಸಿ ನೋಡುತ್ತಿದ್ದಳು. ಒಪ್ಪಿಗೆಯಾದರೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ "ಸರಿ" ಎಂದು ಬರೆಯುವಳು. ಆಗದಿದ್ದರೆ ಏನೂ ಬರೆಯದೆ ಅವನ ಮುಖವನ್ನೊಮ್ಮೆ ನೋಡುವಳು. ಆ ನೋಟಕ್ಕೆ ಅಂಟಣ್ಣ ಐವತ್ತೈದರ ವಯಸ್ಸಿನಲ್ಲೂ ಬೆವರುತ್ತಿದ್ದ.

ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು, ಎಡಗೈ ಮಾತ್ರ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಭುಜ, ಮೊಣಕೈ ಆಡುತ್ತವೆ. ಬೆರಳುಗಳು ಮುದುರಿಕೊಂಡು ಕೂತಿವೆ. ಪಿಟೀಲಿನಲ್ಲಿ ಸ್ವರ ಹಿಡಿಯುವುದು ಆ ಬೆರಳುಗಳೇ ತಾನೆ. ಒಂದು ದಿನ ಅವಳು ತನ್ನ ಪಿಟೀಲಿನ ಪೆಟ್ಟಿಗೆಯನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟಳು.

"ಯಾರಿಗಾದ್ರೂ ಕೊಟ್ಬಿಡು. ಮನೇಲಿದ್ರೆ ಕಣ್ಣಿಗೆ ಬೀಳುತ್ತೆ," ಅಂದಳು. ಗೋಡೆಯ ಕಡೆ ಕತ್ತೆತ್ತಿಯೂ ನೋಡದೆ ಹೊರಟುಹೋದಳು.

ಆಮೇಲೆ ಅವಳು ಭಾನುವಾರ ಬರಲೇ ಇಲ್ಲ. "ನುಡಿಸೋಕಾಗಲ್ಲ ಸರಿ, ಬಂದು ಕೇಳೋಕೇನು?" ಎಂದು ಕರೆಯಹೋದರೆ, "ತಲೆನೋವು" ಅನ್ನುವಳು. ಗೋಡೆಯ ತುಂಬ ಖಾಲಿ ಚೀಟಿಗಳು ತೂಗಾಡತೊಡಗಿದವು. ಕೈ ಹೋದದ್ದು ಸಾಲದೆಂದು ಅವಳ ಕಿವಿಯೂ ಮುಚ್ಚಿಕೊಳ್ಳುತ್ತಿದೆಯಲ್ಲ ಅನ್ನಿಸಿತು ಅಂಟಣ್ಣನಿಗೆ. ಹೇಗಾದರೂ ಮಾಡಿ ಅವಳು ಮತ್ತೆ ನುಡಿಸಬೇಕು. ಅವನ ತಲೆಯಲ್ಲಿ ಇದ್ದದ್ದು ಅದೊಂದೇ.

ಗುಜರಿ ಅಂಗಡಿಯಲ್ಲಿ ಮೊಳೆ ಹುಡುಕುವಾಗ ಅವನಿಗೆ ಒಂದು ಉದ್ದನೆಯ ಪೆಟ್ಟಿಗೆ ಸಿಕ್ಕಿತು. ಹಳೇ ಕಾಲದ ವಾದ್ಯ. ಟೈಪ್‌ರೈಟರಿನಂತೆ ಸಾಲಾಗಿ ಗುಂಡಿಗಳು. ಗುಂಡಿ ಒತ್ತಿದರೆ ಒಳಗಿನ ಪಟ್ಟಿಯೊಂದು ಬೆರಳಿನ ಬದಲು ತಂತಿಯನ್ನು ಅದುಮುತ್ತದೆ. ಅದನ್ನು ಮೀಟಿ ನುಡಿಸಬೇಕು, ದನಿಯೋ ತಗಡಿನ ಡಬ್ಬಿಯದು. ಆದರೆ ಇದರ ಗುಂಡಿ, ಪಿಟೀಲಿನ ಒಡಲು, ಮೇಲೆ ಕಮಾನು ಎಂದು ಕೂಡಿಸಿದರೆ? ಗ್ರಂಥಾಲಯದ ಹರಕು ಪುಸ್ತಕವೊಂದರಲ್ಲಿ, ನೂರಾರು ವರ್ಷದ ಹಿಂದೆ ಯಾರೋ ಮರದ ಗುಂಡಿಗಳಿಟ್ಟು ಮಾಡಿದ ಪಿಟೀಲಿನ ಚಿತ್ರವೂ ಸಿಕ್ಕಿತು. ತನಗಿಂತ ಮೊದಲೇ ಒಬ್ಬ ಹುಚ್ಚನಿದ್ದ ಎಂದು ಅವನಿಗೆ ಧೈರ್ಯ ಬಂತು.

ಒಡಲಿಗೆ ಅವನು ಆರಿಸಿದ್ದು ಅಕ್ಕನ ಪಿಟೀಲನ್ನೇ. ಅದರ ಕುತ್ತಿಗೆ ಬಿಚ್ಚಿ ಪಕ್ಕಕ್ಕಿಟ್ಟದ್ದನ್ನು ಕಂಡ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

"ರೀ, ಅವರು ಕೊಟ್ಬಿಡು ಅಂದ್ರು, ಕೊಯ್ದುಬಿಡು ಅನ್ನಲಿಲ್ಲ."

"ಅವಳಿಗೇ ಕೊಡ್ತೀನಿ ಕಣೆ."

ಮಾರನೆಯ ದಿನದಿಂದ ಅಂಟಣ್ಣ ತನ್ನ ಎಡಗೈ ಬೆರಳುಗಳನ್ನು ಮಡಿಚಿ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಕೂತ. ಅಕ್ಕನ ಕೈ ಹೇಗೋ ತನ್ನದೂ ಹಾಗೇ ಇರಲಿ ಎಂದು. ಗೆಣ್ಣಿನಿಂದ ಒತ್ತಿದರೂ ಇಳಿಯುವಷ್ಟು ಗುಂಡಿಗಳನ್ನು ಹಗುರ ಮಾಡಿದ, ಸ್ಪ್ರಿಂಗುಗಳನ್ನು ಸಡಿಲಿಸಿದ, ಮತ್ತೆ ಮಾಡಿದ. ಊಟಕ್ಕೆ ಕೂತಾಗಲೂ ಕಟ್ಟು ಬಿಚ್ಚಲಿಲ್ಲ. "ಇರೋ ಒಳ್ಳೇ ಕೈಯನ್ನೂ ಕಟ್ಟಿ ಹಾಕ್ಕೊಂಡಿದ್ದೀರಲ್ಲ, ತುತ್ತು ನಾನೇ ಕೊಡಲಾ?" ಎಂದು ಹೆಂಡತಿ ರೇಗಿಸಿದಳು. ನಾಲ್ಕು ತಿಂಗಳಿಗೆ ವಾದ್ಯ ಸಿದ್ಧವಾಯಿತು. ಮಡಿಲಲ್ಲಿ ಇಟ್ಟುಕೊಂಡು ನುಡಿಸುವಂಥದ್ದು. ಪಿಟೀಲಿನ ಹೊಟ್ಟೆ, ಗುಂಡಿಪೆಟ್ಟಿಗೆಯ ಕುತ್ತಿಗೆ. ಚೆಂದ ಅಂತೂ ಇರಲಿಲ್ಲ.

ಅಂಟಣ್ಣ ಅದನ್ನು ಅಕ್ಕನ ಮನೆಗೆ ಒಯ್ದು ಅವಳ ಮಡಿಲಲ್ಲಿಟ್ಟ. ಅವಳು ಬಲಗೈಯಲ್ಲಿ ಕಮಾನು ಹಿಡಿದು ಎಡಗೈಯನ್ನು ಗುಂಡಿಗಳ ಮೇಲಿಟ್ಟಳು. ಒಂದನ್ನು ಒತ್ತಹೋದರೆ ಮೂರು ಒತ್ತಿದವು. ಕೈ ಎತ್ತಿ ಮತ್ತೆ ಇಟ್ಟಳು, ಮತ್ತೆ ಮೂರು. ಕಟ್ಟು ಹಾಕಿದ ಕೈಗೂ ಮಾತು ಕೇಳದ ಕೈಗೂ ಅಜಗಜಾಂತರವೆಂಬುದು ಅಂಟಣ್ಣನಿಗೆ ಆಗ ಹೊಳೆಯಿತು. ಅವನ ಬೆರಳುಗಳು ಬಟ್ಟೆಯೊಳಗೂ ಅವನು ಹೇಳಿದಂತೆ ಕೇಳುತ್ತಿದ್ದವು.

"ನನ್ನ ಬೆರಳಿಗೆ ಪರೀಕ್ಷೆ ಇಟ್ಟೆ, ಫೇಲಾದ್ವು. ಸಾಕು ಬಿಡಪ್ಪ," ಅಂದಳು ಅಕ್ಕ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಮೇಲಾಗುತ್ತಿತ್ತು.

ಎದ್ದು ಹೋಗಲೂ ಮುಖವಿಲ್ಲದೆ ಅವನು ತಲೆ ತಗ್ಗಿಸಿ ಕೂತ. ಅಕ್ಕ ತನ್ನ ದಿನದ ವ್ಯಾಯಾಮಕ್ಕೆ ಕೂತಳು. ಮಡಿಚಿದ ಟವೆಲನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಎಡಗೈ ಊರಿ, ಮುಂದಕ್ಕೆ ತಳ್ಳುವುದು, ಹಿಂದಕ್ಕೆ ಎಳೆಯುವುದು. ದಿನಕ್ಕೆ ನೂರು ಸಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ತಲೆ ತಗ್ಗಿಸಿದ್ದ ಅಂಟಣ್ಣನಿಗೆ ಕಾಣುತ್ತಿದ್ದದ್ದು ಆ ಟವೆಲೊಂದೇ. ಹೋಗುವಾಗ ಸೊಟ್ಟವಿಲ್ಲ, ಬರುವಾಗ ಜರ್ಕಿಲ್ಲ. ಆ ತುದಿಯಿಂದ ಈ ತುದಿಗೆ ಒಂದೇ ಭಾರ. ಉಜ್ಜುಗೊರಡು ಹಿಡಿಯಲು ಕಲಿಸಿದ ಬಡಗಿ ಮೊದಲ ದಿನ ಹೇಳಿದ್ದೂ ಅದನ್ನೇ: ಬೆರಳಿನಿಂದಲ್ಲ, ಭುಜದಿಂದ ತಳ್ಳು. ಇಷ್ಟು ಹದವಾಗಿ ಅವನೇ ಎಂದೂ ಹಲಗೆ ಉಜ್ಜಿರಲಿಲ್ಲ.

"ಅಕ್ಕಾ, ಕಮಾನಿಗೆ ಬೆರಳು ಎಷ್ಟು ಬೇಕು?"

"ಹಿಡಿಯೋಕೆ ಬೇಕು. ಎಳೆಯೋದು ತೋಳು." ಅಷ್ಟು ಹೇಳಿದವಳು ಟವೆಲನ್ನು ಅರ್ಧಕ್ಕೇ ನಿಲ್ಲಿಸಿದಳು.

ನಲವತ್ತು ವರ್ಷ ಅವಳು ಪಾಠಕ್ಕೆ ಬಂದ ಮಕ್ಕಳ ಎಡಗೈಯಿಂದ ಕಮಾನು ಕಿತ್ತು ಬಲಗೈಗೆ ಕೊಟ್ಟವಳು. ಅವನು ಮೂವತ್ತು ವರ್ಷ ಹಾಗೇ ಕಂಡವನು. ಕೈ ಅದಲುಬದಲು ಮಾಡಬಹುದೆಂಬುದು ದಾರಿಹೋಕನಿಗೂ ಹೊಳೆಯುತ್ತಿತ್ತೇನೋ. ಕಸುಬು ಬಲ್ಲ ಈ ಇಬ್ಬರಿಗೆ ಹೊಳೆದಿರಲಿಲ್ಲ. ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ಅಕ್ಕ.

ಅದಲುಬದಲೆಂದರೆ ಬಾಯಿಮಾತಲ್ಲ. ಪಿಟೀಲಿನ ಮುಚ್ಚಳದ ಒಳಗೆ ದಪ್ಪ ತಂತಿಯ ಕಡೆ ಒಂದು ಮರದ ಪಟ್ಟಿ, ಸಣ್ಣ ತಂತಿಯ ಕಡೆ ಒಂದು ಪುಟ್ಟ ಕಂಬ ಇರುತ್ತವೆ. ತಂತಿಗಳು ಕಡೆ ಬದಲಿಸಿದರೆ ಅವೂ ಬದಲಿಸಬೇಕು. ಬಿಸಿ ಚೂರಿಯಿಂದ ಅಂಟು ಬಿಡಿಸಿ ಆ ಹಳೆಯ ಮುಚ್ಚಳ ತೆರೆಯುವಾಗ ಅಂಟಣ್ಣ ಉಸಿರು ಬಿಗಿಹಿಡಿದಿದ್ದ. ಸೀಳಿದರೆ ಅಕ್ಕನ ಪಿಟೀಲಿನ ದನಿ ಅಲ್ಲಿಗೆ ಮುಗಿದಂತೆ. ಮುಚ್ಚಳ ಸೀಳಲಿಲ್ಲ. ಸ್ವರ ಹಿಡಿದು ಅಭ್ಯಾಸವಿಲ್ಲದ ಬಲಗೈಗೆ ಅನುಕೂಲವಾಗಲೆಂದು ಗುಂಡಿಗಳೆಲ್ಲ ಆ ಕಡೆಗೆ ಬಂದವು. ಹೆಂಡತಿ ತನ್ನ ಹಳೇ ಕೈಚೀಲದ ಚರ್ಮ ಕತ್ತರಿಸಿ, ಕಮಾನನ್ನು ಎಡ ಮುಂಗೈಗೆ ಬಿಗಿಯಲು ಪಟ್ಟಿ ಹೊಲಿದುಕೊಟ್ಟಳು.

ಭಾನುವಾರ ಅಕ್ಕ ತಾನಾಗಿಯೇ ಅಂಗಡಿಗೆ ಬಂದಳು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಪಟ್ಟಿ ಬಿಗಿಸಿಕೊಂಡು, ಟವೆಲು ತಳ್ಳುವಂತೆ ಕಮಾನು ತಳ್ಳಿದಳು. ಮೊದಲು ಬಾಗಿಲ ತಿರುಗಣಿಯಂತೆ ಕಿರುಗುಟ್ಟಿತು. ಎರಡನೆಯ ಸಲ ಕಿರುಗುಟ್ಟುವುದರ ನಡುವೆ ಏನೋ ಇಣುಕಿತು. ಐದಾರನೆಯ ಸಲಕ್ಕೆ ತುಂಬು ದನಿ ಬಂತು. ಅಕ್ಕನ ಕಣ್ಣು ತುಂಬಿ ಬಂತು. "ನಂದೇ ಕಣೋ ಇದು," ಅಂದಳು. ಬಲಗೈ ಬೆರಳುಗಳು ಗುಂಡಿಯಿಂದ ಗುಂಡಿಗೆ ತಡವರಿಸುತ್ತ ಹೋದವು, ನಿಂತವು, ಹಿಂದೆ ಬಂದವು. ಕಿವಿ ಇಲ್ಲದ ಅಂಟಣ್ಣನಿಗೂ ಅದು ಹಾಡೆಂದು ತಿಳಿಯಿತು.

ನುಡಿಸಿ ಮುಗಿಸಿ ಅವಳು ಪೆನ್ಸಿಲಿಗೆ ಕೈಚಾಚಿದಳು. ಅಂಟಣ್ಣ ಹೊಸ ವಾದ್ಯದ ಚೀಟಿಯನ್ನು ಮುಂದೆ ಹಿಡಿದ. ಅವಳು ಅದರ ಮೇಲೆ ಏನೂ ಬರೆಯದೆ ಅವನ ಮುಖವನ್ನೊಮ್ಮೆ ನೋಡಿದಳು.

"ಮೂರನೇ ಗುಂಡಿ ಸ್ವರ ಒಂಚೂರು ಇಳಿದಿದೆ. ನಿನಗೆಲ್ಲಿ ಕೇಳಿಸುತ್ತೆ. ಮುಂದಿನ ವಾರಕ್ಕೆ ಸರಿ ಮಾಡಿಡು," ಅಂದಳು. ಆಮೇಲೆ ಗೋಡೆಯ ಕಡೆ ಕತ್ತು ತಿರುಗಿಸಿದಳು. "ಅವನ್ನೆಲ್ಲ ಯಾಕೆ ಹಾಗೇ ನೇತುಹಾಕಿದ್ದೀಯ? ಒಂದೊಂದಾಗಿ ಇಳಿಸು. ನೀನು ಕಮಾನು ಉಜ್ಜು, ನಾನು ಕೇಳ್ತೀನಿ."

ಅಂಟಣ್ಣ ಮೊದಲ ಪಿಟೀಲನ್ನು ಇಳಿಸಿದ. ಅವನಿಗೆ ಆಗಲೇ ಬೆವರು ಶುರುವಾಗಿತ್ತು.