ಅಂಕಲ್ ಕತ್ತರಿಸಿದ ಪಿನ್

ಅಮೆರಿಕದ ನಾರ್‌ಕ್ರಾಸ್‌ನಲ್ಲಿ ನಾನು ಪುಟ್ಟ ಮಗಳನ್ನು ಎತ್ತಿಕೊಂಡು ವಾರಕ್ಕೊಮ್ಮೆ ರೊಟ್ಟಿ ಕೊಟ್ಟು ಬರುವ ಮನೆಯೊಂದಿದೆ. ಅಲ್ಲಿನ ಹುಬ್ಬಳ್ಳಿ ಅಂಕಲ್ ಗ್ಯಾರೇಜಿನಲ್ಲೇ ಬಿಯರ್ ಮಾಡುತ್ತಾರೆ. ಅವತ್ತು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಎದುರಿಗೆ ದೊಡ್ಡ ಸ್ಟೀಲ್ ಪಾತ್ರೆ, ಅದರೊಳಗೆ ಕರೆಂಟ್ ಹೀಟರ್.

"ಗ್ಯಾರೇಜಿನ ಪ್ಲಗ್ ಪಾಯಿಂಟ್ ಸುಮ್‌ಸುಮ್ನ ಟ್ರಿಪ್ ಆಗಾಕತ್ತಿತ್ತು. ಅದಕ್ಕ ಹಾಲ್‌ನಿಂದ ಹಳೇ ಕೇಬಲ್ ಎಳದೀನಿ," ಎಂದರು.

ಆ ಕೇಬಲ್ಲಿಗೆ ಎರಡೇ ತೂತು. ಅದರಲ್ಲಿ ಕೂರಲೆಂದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ, ಹೀಟರಿನ ಮೂರನೇ ಅರ್ಥಿಂಗ್ ಪಿನ್ನನ್ನೇ ಕತ್ತರಿಸಿದ್ದರು. ಅವರು ಪಾತ್ರೆಯ ಹಿಡಿಗೆ ಕೈಚಾಚುವಷ್ಟರಲ್ಲಿ, ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಹಾಲ್‌ಗೆ ಓಡಿ, "ಮುಟ್ಟಬೇಡಿ!" ಎಂದು ಕೂಗುತ್ತಾ ಪ್ಲಗ್ ಕಿತ್ತೆ.

"ಏನ್ ತಂಗಿ, ಇಪ್ಪತ್ತು ವರ್ಷದಿಂದ ಇಂಜಿನಿಯರ್ ಅದೀನಿ ನಾ!"

"ಇಪ್ಪತ್ತೊಂದನೇ ವರ್ಷ ಬೇಡ್ವಾ ಅಂಕಲ್? ಕರೆಂಟ್ ಸೋರ್ತಿದೆ ಅಂತಲೇ ಅದು ಟ್ರಿಪ್ ಆಗಿದ್ದು. ಚಪ್ಪಲಿ ಹಾಕಿ, ವೋಲ್ಟ್ ಮೀಟರ್ ತನ್ನಿ."

ಅಂಕಲ್ ಮತ್ತೆ ಪ್ಲಗ್ ಹಾಕಿ, ಮೀಟರಿನ ಒಂದು ಕಡ್ಡಿ ಪಾತ್ರೆಗೆ, ಇನ್ನೊಂದು ನಲ್ಲಿಗೆ ಹಿಡಿದರು. ನೂರಾ ಹದಿನೈದು ವೋಲ್ಟ್ ತೋರಿಸಿತು. ಅಂಕಲ್ ಥಟ್ಟನೆ ಪ್ಲಗ್ ಕಿತ್ತರು. ಹೀಟರ್ ಕಸದ ಡಬ್ಬಿಗೆ ಹೋಯಿತು.

"ಎಲ್ಲಿ ಕಲಿತಿ ಇದನ್ನ?"

"ಬಕೆಟ್ಟಿಗೆ ಕಾಯಿಲ್ ಹಾಕಿ ನೀರು ಕಾಯಿಸೋ ಮನೆಯಲ್ಲಿ ಬೆಳೆದೋಳು ನಾನು. ಪ್ಲಗ್ ಕೀಳದೆ ನೀರು ಮುಟ್ಟಿದ್ರೆ ಅಮ್ಮನ ಏಟು ಬೀಳ್ತಿತ್ತು."

"ಓದಿದ್ದು?"

"ಹತ್ತನೇ ಕ್ಲಾಸು," ಅಂದೆ, ತಲೆ ಎತ್ತಿಯೇ. ಇನ್ನೂ ಓದಿದ್ದರೆ ನಾನೂ ಪಿನ್ ಕತ್ತರಿಸುತ್ತಿದ್ದೆನೇನೋ.