ಪೂರ್ವಕ್ಕೆ ತಿರುಗಿಸುವ ಕೆಲಸ

ಫ್ಯಾನ್ ರಿಪೇರಿಯವನ ಹೆಂಡತಿ ಏಣಿಯಿಂದ ಬಿದ್ದು ಸತ್ತು ಎರಡು ತಿಂಗಳಾಗಿತ್ತು. ಅವನು ಅತ್ತಿರಲಿಲ್ಲ. ಉಣ್ಣುತ್ತಿದ್ದ, ಸುಟ್ಟ ಮೋಟರಿಗೆ ತಂತಿ ಸುತ್ತುತ್ತಿದ್ದ, ಸಮಾಧಾನ ಹೇಳಲು ಬಂದವರಿಗೆಲ್ಲ ಒಂದೇ ಮಾತು ಒಪ್ಪಿಸುತ್ತಿದ್ದ: "ಒಣಗಿದ ಬಟ್ಟೆ ಒಂದು ದಿನ ಮೇಲೇ ಇದ್ರೆ ಏನು ಗಂಟು ಹೋಗ್ತಿತ್ತು? ಮಬ್ಬು ಹೊತ್ತಲ್ಲಿ ಹತ್ತಿದ್ಲು."

ಮಾಳಿಗೆಯ ಮೇಲೆ ಒಂದೇ ಒಂದು ಸೋಲಾರ್ ಪ್ಯಾನೆಲ್. ಮಗಳ ಹೊಲಿಗೆ ಮಷಿನ್ ಓಡುವುದು ಅದರ ಬ್ಯಾಟರಿಯಿಂದ. ಒಂದೇ ದಿಕ್ಕಿಗೆ ಇಟ್ಟರೆ ಅರ್ಧ ದಿನಕ್ಕೂ ಸಾಲದು, ಬಿಸಿಲು ಹೋದ ಕಡೆಗೆ ತಿರುಗಿಸುತ್ತಿರಬೇಕು. ಆ ಕೆಲಸ ಹೆಂಡತಿಯದಾಗಿತ್ತು. ಈಗ ಮಗಳು ಖಡಾಖಂಡಿತವಾಗಿ ಹೇಳಿದಳು, "ಅಪ್ಪ, ಆ ಏಣಿ ನಾನು ಮುಟ್ಟಲ್ಲ. ನೀನೂ ಹತ್ತಬೇಡ. ಮಷಿನ್ ನಿಂತ್ರೆ ನಿಲ್ಲಲಿ."

"ಯಾರೂ ಹತ್ತೋದು ಬೇಡ. ಅದೇ ತಿರುಗೋ ಹಾಗೆ ಮಾಡ್ತೀನಿ," ಅಂದ.

ಮೇಲೆ ಹೋಗಿ ನೋಡಿದರೆ ಪ್ಯಾನೆಲ್ ಪಶ್ಚಿಮಕ್ಕೆ ಮುಖ ಮಾಡಿ ಧೂಳು ಹಿಡಿದಿತ್ತು. ಒರೆಸಿದ. ಅವನಿಗೆ ಏನೂ ಅನಿಸಲಿಲ್ಲ. ಸೈಕಲ್ ಅಂಗಡಿಯಿಟ್ಟಿದ್ದ ಹೆಂಡತಿಯ ತಮ್ಮ ಹಳೇ ಚಕ್ರದ ನಡುವೆ ತಿರುಗುವ ಹಬ್ ಕೊಟ್ಟ, ಪ್ಯಾನೆಲ್ ಅದರ ಮೇಲೆ ಕೂತಿತು. ಗುಜರಿ ಕಾರಿನ ವೈಪರ್ ಮೋಟರ್ ಅದನ್ನು ತಿರುಗಿಸಬೇಕು. ಬೆಳಕು ಕಾಣುವ ಎರಡು ಪುಟ್ಟ ಸೆನ್ಸರ್ ಕಣ್ಣು, ನಡುವೆ ತಗಡಿನ ಅಡ್ಡಗೋಡೆ. ಒಂದು ಕಣ್ಣಿಗೆ ನೆರಳು ಬಿದ್ದರೆ, ಎರಡಕ್ಕೂ ಸಮನಾಗಿ ಬಿಸಿಲು ಸಿಗುವ ತನಕ ಮೋಟರ್ ಓಡುತ್ತದೆ. ಅಷ್ಟೇ ವಿದ್ಯೆ. ಓದಿದವರು ಮಾಡಿದ್ದರೆ ಸಂಶೋಧನೆ, ಇವನು ಮಾಡಿದರೆ ಕೆಲಸವಿಲ್ಲದ ಬಡಗಿಯ ಕೆತ್ತನೆ.

"ಭಾವ, ಇದು ನಿಮಗಿಂತ ಚೆನ್ನಾಗಿ ಮಾತು ಕೇಳತ್ತೆ," ಅಂದ ಮೈದುನ, ಸಂಜೆಯವರೆಗೂ ಪ್ಯಾನೆಲ್ ಸೂರ್ಯನ ಹಿಂದೆಯೇ ಹೋದದ್ದನ್ನು ಕಂಡು.

ಮರುದಿನ ಮಧ್ಯಾಹ್ನ ಮಷಿನ್ ನಿಂತಿತು. ಪ್ಯಾನೆಲ್ ಇನ್ನೂ ಪಶ್ಚಿಮ ನೋಡುತ್ತಿತ್ತು. ಬೆಳಗಿನ ಸೂರ್ಯ ಬೆನ್ನ ಹಿಂದೆ ಹುಟ್ಟಿದ್ದ. ಎರಡು ಕಣ್ಣಿಗೂ ಒಂದೇ ನೆರಳು, ಮೋಟರ್ ಅಲುಗಲೇ ಇಲ್ಲ.

"ನಿನ್ನೆ ಮುಳುಗಿದೋನನ್ನೇ ಕಾಯ್ತಾ ಕೂತಿದೆ," ಮೈದುನ ನಕ್ಕ.

"ಮುಂಚೆ ಹೀಗಾಗ್ತಿರಲಿಲ್ಲ," ಅಂದ ಇವನು. "ಬೆಳಿಗ್ಗೆ ಯಾವಾಗ ನೋಡಿದ್ರೂ ಪೂರ್ವಕ್ಕೇ ಇರ್ತಿತ್ತು."

ಮಗಳು ದಾರ ಕಚ್ಚಿ ಹರಿದಳು. "ತಾನಾಗೇ ಇರ್ತಿತ್ತಾ ಅಪ್ಪ? ಸಂಜೆ ಅಮ್ಮ ತಿರುಗಿಸಿ ಬರ್ತಿದ್ಲು. ಅವತ್ತೂ ಅದಕ್ಕೇ ಹತ್ತಿದ್ದು. ಬಟ್ಟೆ ನಾನು ಮಧ್ಯಾಹ್ನಾನೇ ತಂದಿದ್ದೆ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀನು ಯಾರನ್ನ ಮಾತಾಡೋಕೆ ಬಿಟ್ಟೆ?"

ಅವನು ಡಬ್ಬಿಯಿಂದ ಮೂರನೆಯ ಕಣ್ಣು ಹುಡುಕಿ ತೆಗೆದು, ಏಣಿ ಹತ್ತಿ, ಬೆಳಗಿನ ಸೂರ್ಯ ಕಾಣಲೆಂದು ಪ್ಯಾನೆಲ್ಲಿನ ಬೆನ್ನಿಗೆ ಕೂರಿಸಿದ. ತಂತಿ ಬೆಸೆಯುವಾಗ ಬೆರಳು ಸುಟ್ಟಿತು. ಸುಟ್ಟದ್ದು ಕಣ್ಣಿಗೆ ಕಂಡಿತು, ನೋವು ಆಮೇಲೆ ಬಂತು.

ಮರುದಿನ ಬೆಳಕು ಹರಿದಾಗ ಮೂವರೂ ಅಂಗಳದಲ್ಲಿ ನಿಂತಿದ್ದರು. ಮೋಟರ್ ಗೊರಗುಟ್ಟಿತು. ಪ್ಯಾನೆಲ್ ನಿಧಾನಕ್ಕೆ ಹೊರಳಿ ಪೂರ್ವಕ್ಕೆ ಬಂದು ನಿಂತಿತು. ಮಗಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಷಿನ್ ಸದ್ದು ಕೇಳಿಸಿತು.

ಅವನು ಏಣಿ ಇಳಿಸಿ ಒಂದು ತುದಿ ಹಿಡಿದ. ಇನ್ನೊಂದು ತುದಿ ಮೈದುನ ಹಿಡಿದ.

"ನಿಮ್ಮಕ್ಕ ಬಟ್ಟೆಗೆ ಅಂತ ಹತ್ತಿರಲಿಲ್ಲ ಕಣಯ್ಯಾ," ಅಂದ.

"ಗೊತ್ತಾಯ್ತಲ್ಲ ಭಾವ."

"ಬೀದಿಗೆಲ್ಲ ಹೇಳಿಬಿಟ್ಟಿದ್ದೀನಿ. ಮನೆಮನೆಗೆ ಹೋಗಿ ಮತ್ತೆ ಹೇಳಬೇಕು."

ಏಣಿಯನ್ನು ಕೊಟ್ಟಿಗೆಗೆ ಸೇರಿಸಿ, ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ಬಾಗಿಲಿಂದ ಶುರು ಮಾಡಿದ.